ಅಳದ ಅಕ್ಕನಿಗೆ ಚಪ್ಪಾಳೆ

ಮಾಂವ ತೀರಿಕೊಂಡ ಸುದ್ದಿ ಬಂದಾಗ ನಾನು ಶಿಗ್ಗಾಂವಿಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮಾಂವ ಅಂದರೆ ನನ್ನ ಅಕ್ಕನ ಗಂಡ. ತಿಳವಳ್ಳಿಯಲ್ಲಿ ಗೋವಿನಜೋಳದ ಹೊಲಕ್ಕೆ ಹೋದವರು ಬದುವಿನ ಮೇಲೆ ಕೂತರಂತೆ, ಕೂತವರು ಹಾಗೇ ಒರಗಿದರಂತೆ. ಒಲೆ ಆರಿಸಿ, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಹಾನಗಲ್ಲಿನಲ್ಲಿ ಇಳಿದ ಕೂಡಲೇ ತಿಳವಳ್ಳಿ ಬಸ್ಸು ನಿಂತಿತ್ತು. ‘ಶಿವಾ, ಇಷ್ಟಾದರೂ ಮಾಡಿದೆಯಲ್ಲ’ ಅಂದೆ. ಅದು ನನ್ನ ರೂಢಿ. ದೊಡ್ಡದನ್ನು ಕಸಿದುಕೊಂಡ ದಿನವೂ ಅವನು ಸಣ್ಣದೊಂದನ್ನು ಕೈಗೆ ಹಾಕಿರುತ್ತಾನೆ. ಅದನ್ನು ಮರೆಯಬಾರದು.

ದಾರಿಯುದ್ದಕ್ಕೂ ಅಳು ಹಿಡಿದುಕೊಂಡಿದ್ದೆ. ನಮ್ಮ ಕಡೆ ಅಳು ಒಬ್ಬರದಲ್ಲ. ಸತ್ತ ಮನೆಗೆ ಹೋದ ಹೆಣ್ಣುಮಗಳು ಹೊಸ್ತಿಲಲ್ಲೇ ದನಿ ತೆಗೆಯಬೇಕು, ಗಂಡನನ್ನು ಕಳಕೊಂಡವಳ ಕೊರಳಿಗೆ ಬೀಳಬೇಕು, ಇಬ್ಬರೂ ಹಾಡಿ ಹಾಡಿ ಅಳಬೇಕು. ಹೋದವರು ಏನು ತಂದುಕೊಟ್ಟರು, ಯಾವಾಗ ಬೈದರು, ಯಾವುದಕ್ಕೆ ನಕ್ಕರು, ಎಲ್ಲ ಅದರಲ್ಲಿ ಬರಬೇಕು. ಒಬ್ಬಳ ಉಸಿರು ನಿಂತಲ್ಲಿ ಇನ್ನೊಬ್ಬಳು ಎತ್ತಿಕೊಳ್ಳಬೇಕು. ಅವ್ವ ಹೋದಾಗ ಅಕ್ಕ ನನ್ನನ್ನು ಹಾಗೇ ಅಳಿಸಿ ಉಳಿಸಿಕೊಂಡಿದ್ದಳು. ಈಗ ನನ್ನ ಸರದಿ.

ಹೊಸ್ತಿಲಿಗೆ ಕಾಲಿಟ್ಟು ‘ಯಕ್ಕಾ’ ಅಂದೆನೋ ಇಲ್ಲವೋ, ತಿಳಿನೀಲಿ ಸೀರೆಯ ಹೆಂಗಸೊಬ್ಬಳು ನನ್ನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಅಳಬ್ಯಾಡ್ರಿ. ಅವರು ಸತ್ತಿಲ್ಲ. ಅವರ ಸ್ಟಾಪ್ ಬಂತು, ಇಳದ್ರು, ಅಷ್ಟ.”

ಮೂರು ವರ್ಷದ ಹಿಂದೆ ಮಾಂವ ಒಂದು ಹೊಸ ಪಂಥ ಸೇರಿದ್ದರು. ಹಿರೇಕೆರೂರಿನ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ವಾರಕ್ಕೊಮ್ಮೆ ಅವರ ಸಭೆ. ಅವರ ಪ್ರಕಾರ ಮನುಷ್ಯ ಈ ಭೂಮಿಯವನೇ ಅಲ್ಲ. ಬೆಳಕಿನ ಲೋಕದಿಂದ ಪ್ರವಾಸಕ್ಕೆ ಬಂದವನು. ಗಂಡ, ಹೆಂಡತಿ, ಅವ್ವ, ಅಪ್ಪ ಅನ್ನುವುದೆಲ್ಲ ಒಂದು ಬಸ್ಸಿನಲ್ಲಿ ಬಾಜೂ ಸೀಟು ಸಿಕ್ಕ ಹಾಗೆ. ಅದಕ್ಕೇ ಸಂಬಂಧ ಹಿಡಿದು ಯಾರನ್ನೂ ಕರೆಯುವಂತಿಲ್ಲ, ಎಲ್ಲರೂ ‘ಸಹಯಾತ್ರಿ’. ಜಾತಿ ಇಲ್ಲ, ಮೇಲು ಕೀಳು ಇಲ್ಲ ಅನ್ನುತ್ತಾರೆ. ಒಳ್ಳೆಯದೇ, ನಮ್ಮ ಹಿರಿಯರೂ ಹೇಳಿದ್ದು ಅದನ್ನೇ. ಆದರೆ ಸತ್ತವರಿಗಾಗಿ ಅಳುವಂತಿಲ್ಲವಂತೆ. ಅತ್ತರೆ ಇಳಿದು ಹೊರಟವರ ಕಾಲಿಗೆ ಹಗ್ಗ ಬಿಗಿದಂತೆ, ಅವರು ಬೆಳಕು ಮುಟ್ಟುವುದಿಲ್ಲವಂತೆ.

ಮೊದಮೊದಲು ನಮಗಿದು ಚೇಷ್ಟೆಯ ಮಾತಾಗಿತ್ತು. ಮಾಂವ ಅಕ್ಕನಿಗೆ ‘ಸಹಯಾತ್ರಿ, ನೀರು ಕೊಡು’ ಅಂದದ್ದನ್ನು ಕೇಳಿ ಬಂದ ನಮ್ಮ ಮನೆಯವರು ವಾರಗಟ್ಟಲೆ ನನ್ನನ್ನು ಕಾಡಿದ್ದರು.

“ಸಹಯಾತ್ರಿ, ಒಂದು ಕಪ್ ಚಾ ಸಿಗತೈತೇನು?”

“ಯಾತ್ರಿಕರು ಸ್ಟ್ಯಾಂಡಿನ್ಯಾಗ ಕುಡೀತಾರ. ಅಲ್ಲೇ ಹೋಗ್ರಿ.”

ಆಗ ನಕ್ಕದ್ದಕ್ಕೆ ಈಗ ನಾಚಿಕೆಯಾಗುತ್ತದೆ. ನಗುವ ಬದಲು ಒಂದು ಸಲ ಜಗಳ ಮಾಡಬೇಕಿತ್ತು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಕಣ್ಣು ಒಣಗಿದ್ದವು. ನಾನು ಪಕ್ಕಕ್ಕೆ ಕೂತು ಕೈ ಹಿಡಿದಾಗ ನನ್ನ ಕಿವಿಗೆ ಮಾತ್ರ ಕೇಳುವಂತೆ ಅಂದಳು: “ನೀನೂ ಅಳಬ್ಯಾಡವಾ. ಅವರಿಗೆ ತ್ರಾಸ ಆಗತೈತಂತ.”

ಆಗ ನನಗೆ ಅರ್ಥವಾಯಿತು. ಅವಳು ಪಂಥಕ್ಕೆ ಹೆದರಿ ಅಳು ನುಂಗಿರಲಿಲ್ಲ. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಉಂಡ ಗಂಡನ ಮೇಲಿನ ಮಾಯೆಗೆ, ಅಕ್ಕರೆಗೆ ನುಂಗಿದ್ದಳು. ಅವಳ ಮಾಯೆಯನ್ನೇ ಹಿಡಿದು ಅವಳ ಗಂಟಲು ಕಟ್ಟಿದ್ದರು.

ಒಂದು ಮಾತು ಇಲ್ಲಿ ಬರೆಯಲೇಬೇಕು, ಬರೆಯದಿದ್ದರೆ ದೇವರು ಮೆಚ್ಚುವುದಿಲ್ಲ. ಮಣ್ಣು ಕೊಟ್ಟು ಮುಗಿದ ಮೇಲೆ ಮಾಂವನ ಸೋದರತ್ತೆ ಅಕ್ಕನ ಬಳೆ ಒಡೆಯಲು ಬಂದಳು. ನೀಲಿ ಸೀರೆಯವಳೇ ಅಡ್ಡ ನಿಂತಳು.

“ಬಳಿ ಮುಟ್ಟಬ್ಯಾಡ್ರಿ ಅಜ್ಜಿ. ಇಳದವರ ಸಲುವಾಗಿ ಕುಂತವರು ಯಾಕ ಕೈ ಬರಿದು ಮಾಡ್ಕೋಬೇಕು?”

“ಎಲ್ಲಿಂದ ಬಂದೀಯವ್ವಾ ನೀ, ನಮಗ ರೀತಿ ಕಲಸಾಕ!” ಎಂದು ಮುದುಕಿ ಗೊಣಗಿದಳು. ಆದರೂ ಸರಿದಳು.

ಅಕ್ಕನ ಬಳೆ, ಕುಂಕುಮ ಉಳಿದವು. ನಮ್ಮಪ್ಪ ಹೋದಾಗ ಅವ್ವನ ಕೈಗಳನ್ನು ಕಲ್ಲಿನ ಮೇಲಿಟ್ಟು ಬಳೆ ಒಡೆದದ್ದನ್ನು ನಾನು ನಿಂತು ನೋಡಿದ್ದೆ, ಬಾಯಿ ಬಿಟ್ಟಿರಲಿಲ್ಲ. ಶಾಸ್ತ್ರ ಎಂದುಕೊಂಡಿದ್ದೆ. ಈ ಒಂದು ಉಪಕಾರ ಆ ಪಂಥದಿಂದ ಆಯಿತು. ನಾವು ಮಾಡಬೇಕಾದದ್ದನ್ನು ಅವರು ಮಾಡಿದರು ಎಂಬ ಸಿಟ್ಟೂ ನನಗಿದೆ, ಆ ಸಿಟ್ಟು ನನ್ನ ಮೇಲೆಯೇ.

ಆದರೆ ಬಳೆ ಉಳಿಸಿದ ಮಾತ್ರಕ್ಕೆ ಹೆಂಗಸು ಉಳಿಯುತ್ತಾಳೆಯೇ? ಓಣಿಯವರು ತಂದ ಬುತ್ತಿಯಲ್ಲಿ ಅಕ್ಕ ಎರಡು ತುತ್ತು ನುಂಗುವಳು, ಹಿತ್ತಲಿಗೆ ಹೋಗಿ ಕಾರುವಳು. ಮಾತಾಡಿಸಿದರೆ ನಗುವಳು, ಆ ನಗು ನೋಡಲಾಗುತ್ತಿರಲಿಲ್ಲ. ಆರನೆಯ ದಿನ ಹಾನಗಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಿ.ಪಿ. ನೋಡಿ ಅವರು ನನ್ನನ್ನು ಕೇಳಿದರು: “ಇವರು ಅತ್ತಾರೇನ್ರಿ?”

“ಇಲ್ಲರೀ ಸರ.”

“ಗುಳಿಗಿ ಬರೀತೇನಿ. ಅಳು ಬರೋದಕ್ಕ ಮಾತ್ರ ನನ್ನ ಕಡೆ ಗುಳಿಗಿ ಇಲ್ರೆವಾ.”

ಒಂಬತ್ತನೆಯ ದಿನ ಪಂಥದವರು ‘ಸಂತೋಷದ ಬೀಳ್ಕೊಡುಗೆ’ ಇಟ್ಟಿದ್ದರು. ಹೋಗಬೇಡ ಎಂದು ನಾನು ಅಡ್ಡ ಬಿದ್ದೆ. “ಅವರಿಗೆ ಮಾತು ಕೊಟ್ಟೇನಿ” ಅಂದಳು ಅಕ್ಕ. ಅವರಿಗೆ ಅಂದರೆ ಮಾಂವನಿಗೆ. ತಾನು ಹೋದರೆ ಇದನ್ನು ನಡೆಸಿಕೊಡು ಎಂದು ಅವರು ಮೊದಲೇ ಕೇಳಿಕೊಂಡಿದ್ದರಂತೆ. ನಾನೂ ಬಸ್ಸು ಹತ್ತಿದೆ.

ಶೆಡ್ಡಿನಲ್ಲಿ ಬಣ್ಣದ ಕಾಗದ ಕಟ್ಟಿದ್ದರು. ತಟ್ಟೆಗಳಲ್ಲಿ ಶಿರಾ ಹಾಕಿಟ್ಟಿದ್ದರು. ಅದನ್ನು ಅಕ್ಕನೇ ತನ್ನ ಕೈಯಿಂದ ಎಲ್ಲರಿಗೂ ಹಂಚಬೇಕಂತೆ. ಅವರಲ್ಲಿ ಹಿರಿಯರಾದವರನ್ನು ‘ಮುಂದಿನವರು’ ಎನ್ನುತ್ತಾರೆ. ಇಸ್ತ್ರಿ ಮಾಡಿದ ನೀಲಿ ಜುಬ್ಬಾದ ಒಬ್ಬ ಗಂಡಸು. ಆತ ಮೈಕು ಹಿಡಿದ, ಇನ್ನೊಬ್ಬ ಮೊಬೈಲಿನಲ್ಲಿ ವಿಡಿಯೋ ತೆಗೆಯಲು ನಿಂತ.

“ಈ ಸಹಯಾತ್ರಿಯನ್ನು ನೋಡಿ. ಒಂಬತ್ತು ದಿನ, ಒಂದು ಹನಿ ಕಣ್ಣೀರಿಲ್ಲ. ಇದು ಹೊಸ ಮನುಷ್ಯರ ಲಕ್ಷಣ. ಚಪ್ಪಾಳೆ ತಟ್ಟಿ!”

ತಟ್ಟಿದರು. ನನ್ನ ಅಕ್ಕ ಶಿರಾದ ತಟ್ಟೆ ಹಿಡಿದು ನಿಂತಿದ್ದಳು, ತಟ್ಟೆ ಗಡಗಡ ನಡುಗುತ್ತಿತ್ತು, ಅವರು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು. ನಾನು ದಿನಾ ಪೂಜೆ ಮಾಡುವವಳು, ಶ್ರಾವಣದ ಸೋಮವಾರ ಒಪ್ಪತ್ತು ಇರುವವಳು. ನನ್ನ ದೇವರೂ ಈ ದೇಹ ಮಣ್ಣು ಎಂದಿದ್ದಾನೆ. ಆದರೆ ಮಣ್ಣಿಗಾಗಿ ಅಳಬೇಡ ಎಂದು ಹೇಳಿದವನಲ್ಲ.

ಎದ್ದು ನಿಂತೆ.

“ಯಪ್ಪಾ, ಬಸ್ಸಿನ್ಯಾಗ ಬಾಜೂಕ ಕುಂತಾಕಿ ಹಾನಗಲ್ಲ ಬರೋದ್ರಾಗ ತನ್ನ ಮನೀ ಕಥಿ ಎಲ್ಲಾ ಹೇಳಿರತಾಳ. ಇಳಿಯೂ ಮುಂದ ‘ಬರ್ತೇನ್ರೆವಾ’ ಅಂತಾಳ. ನಾವೂ ‘ಹೂಂ, ಹೋಗಿ ಬಾ’ ಅಂತೀವಿ. ನೀವು ಇಕಿಗೆ ಅಷ್ಟೂ ಅನ್ನಾಕ ಬಿಡವಲ್ರಿ. ಎಂಥಾ ಬಸ್ಸು ನಿಮ್ದು?”

ಯಾರೋ ‘ಕೂಡ್ರಿ, ಕೂಡ್ರಿ’ ಅಂದರು. ನಾನು ಕೂಡಲಿಲ್ಲ. ಅಕ್ಕನ ಹತ್ತಿರ ಹೋಗಿ, ತಟ್ಟೆ ಕಸಿದು ಕೆಳಗಿಟ್ಟು, ಕೊರಳಿಗೆ ಬಿದ್ದು ದನಿ ತೆಗೆದೆ:

“ಮಾಂವಾ... ಮೊದಲ ದೀವಳಿಗಿಗೆ ನಮ್ಮಕ್ಕಗ ಹಸರ ಸೀರಿ ತಂದಿದ್ದೆಲ್ಲೋ ಮಾಂವಾ...”

ಅಕ್ಕ ಕಂಬದಂತೆ ನಿಂತಿದ್ದಳು. ಮತ್ತೆ ಅದನ್ನೇ ಎತ್ತಿದೆ. ಮೂರನೆಯ ಸಲ ಹಸಿರು ಸೀರೆ ಅಂದಾಗ ಅವಳ ಮೈ ಅಲುಗಿತು.

“ಹಸರಲ್ಲ,” ಅಂದಳು.

“ಏನಂದಿ?”

“ಹಸರಲ್ಲ ಅದು. ಬದನಿಕಾಯಿ ಬಣ್ಣ. ಹಸರಂದು ನಾ ಬ್ಯಾಡ ಅಂದಿದ್ದೆ. ನೀ ಸುಳ್ಳ ಹೇಳಿ ಅಳಬ್ಯಾಡ.” ಉಸಿರು ಎಳೆದುಕೊಂಡಳು. “ಅದನ್ನ ಬದಲಿ ಮಾಡಾಕ ಸೈಕಲ್ ಮ್ಯಾಲೆ ಹಾನಗಲ್ಲಿಗೆ ತಿರುಗಿ ಹೋಗಿದ್ರು. ಬೈಕೋತನ ಹೋಗಿದ್ರು. ‘ನಿನ್ನ ಬಣ್ಣಕ್ಕ ಬೆಂಕಿ ಹಚ್ಚಲಿ’ ಅಂತ... ಅಂತ ಬೈದು... ಅದ ಬಣ್ಣದ್ದ ಹುಡುಕಿ ತಂದ್ಯಲ್ಲೋ... ಹುಡುಕಿ ತಂದ್ಯಲ್ಲೋ ನನ್ನಪ್ಪಾ...”

ಅಲ್ಲಿಂದ ಹಾಡಾಯಿತು. ಒಂಬತ್ತು ದಿನದ್ದು ಒಮ್ಮೆಲೇ ಬಂತು. ಸೀರೆ ಮುಗಿದು ಸೈಕಲ್ಲು ಬಂತು, ಅವರು ಮೊಸರಿಗೆ ಬೆಲ್ಲ ಹಾಕಿಕೊಳ್ಳುತ್ತಿದ್ದದ್ದು ಬಂತು, ‘ಸಹಯಾತ್ರಿ ಅಂತ ಕರೆದು ನನ್ನ ಹೆಸರು ಮರೆತೆಯಲ್ಲೋ’ ಎಂಬ ಬೈಗುಳವೂ ಬಂತು. ಅವಳ ಉಸಿರು ನಿಂತಲ್ಲಿ ನಾನು ಎತ್ತಿಕೊಂಡೆ. ಮುಂದಿನವರು ಮೈಕು ಬಂದ್ ಮಾಡಿಸಿದರು. ಹಿಂದಿನ ಸಾಲಿನಲ್ಲಿ ಇಬ್ಬರು ಮೂವರು ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ತಲೆ ತಗ್ಗಿಸಿದ್ದು ಕಂಡೆ. ಅವರೊಳಗೆ ಎಷ್ಟು ವರ್ಷದ್ದು ಕೂತಿತ್ತೋ.

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತೆವು. ಅಕ್ಕ ಎರಡು ಇಡ್ಲಿ ತಿಂದಳು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಶಿವಾ, ನೀನು ದೊಡ್ಡವ ಅಂದೆ. ಚಹಾ ಕುಡಿದು ಮುಖ ಒರೆಸಿಕೊಂಡ ಅಕ್ಕ ಮೇಲೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಖರೇನ ಅವರ ಕಾಲಿಗೆ ಹಗ್ಗ ಬಿದ್ದಿರಬಹುದೇನ?”

“ಬಿದ್ದಿದ್ರ ಬೀಳಲಿ. ಹೇಣ್ತಿ ಅತ್ತಾಳಂತ ಹೊಳ್ಳಿ ನೋಡೂದ್ರಾಗ ಒಂದೀಟ ತಡ ಆಗಿರತೈತಿ, ಅಷ್ಟ. ಸೀರಿ ಸಲುವಾಗಿ ಹೊಳ್ಳಿ ಹೋದವರು ಇದಕ್ಕ ಬ್ಯಾಸರಾ ಮಾಡ್ಕೊಂತಾರೇನು?”

ಅಕ್ಕ ತಲೆಯಾಡಿಸಿದಳು. ಆದರೆ ಮೊನ್ನೆ ಫೋನಿನಲ್ಲಿ ಅದನ್ನೇ ಮತ್ತೆ ಕೇಳಿದಳು. ಈಗ ಅವಳು ಉಣ್ಣುತ್ತಾಳೆ, ಹೊಲಕ್ಕೆ ಹೋಗುತ್ತಾಳೆ, ಆ ಸಭೆಗೆ ಹೋಗುವುದಿಲ್ಲ, ಅಳು ಬಂದಾಗ ಅಳುತ್ತಾಳೆ. ಅಳುವ ನಡುವೆ ಒಮ್ಮೆ ತಟ್ಟನೆ ನಿಲ್ಲಿಸಿ ಕೇಳುತ್ತಾಳೆ: ಅವರಿಗೆ ತ್ರಾಸ ಆಗಿರಬಹುದೇನ? ನಾನು ಪ್ರತಿ ಸಲವೂ ಅದೇ ಉತ್ತರ ಕೊಡುತ್ತೇನೆ, ಕೊಡುತ್ತಲೇ ಇರುತ್ತೇನೆ. ಆ ಪ್ರಶ್ನೆಯನ್ನು ಅವಳ ಎದೆಯಲ್ಲಿ ಇಟ್ಟು ಚಪ್ಪಾಳೆ ತಟ್ಟಿದವರನ್ನು ನಾನು ಕ್ಷಮಿಸಿಲ್ಲ. ದೇವರು ಕ್ಷಮಿಸಿದರೆ ಅದು ಅವನ ದೊಡ್ಡಸ್ತಿಕೆ.