ಢಾಕಾದಲ್ಲಿದ್ದ ಚೆಂಡು

ರಾಯಬಾಗದಿಂದ ಹೊರಟ ಬಸ್ಸು ದಿಗ್ಗೇವಾಡಿಯ ಹತ್ತಿರ ಪಂಕ್ಚರ್ ಆಗಿ ನಿಂತಿತು. ಸ್ಟೆಪ್ನಿಯೂ ಅದೇ ಗತಿಯದು. ಮಟಮಟ ಮಧ್ಯಾಹ್ನ. ಪಕ್ಕದ ಬಯಲಲ್ಲಿ ಇಪ್ಪತ್ತೆರಡು ಗಂಡಸರು ಧೋತರ ಎತ್ತಿ ಕಟ್ಟಿ, ಸದ್ದಿಲ್ಲದೆ ಫುಟ್‌ಬಾಲ್ ಆಡುತ್ತಿದ್ದರು. ಎಷ್ಟು ನೋಡಿದರೂ ನನಗೆ ಚೆಂಡು ಕಾಣಲಿಲ್ಲ.

ಬಯಲು ದಾಟಿ, ಆಚೆ ಚಕ್ಕಡಿ ಗಾಡಿಯ ಮೇಲೆ ಟ್ರಾನ್ಸಿಸ್ಟರ್ ಹಿಡಿದು ಕೂತಿದ್ದ ಮುದುಕರನ್ನು ಕೇಳಿದೆ.

"ಚೆಂಡ ಎಲ್ಲೈತ್ರಿ ಅಜ್ಜಾರ?"

"ಢಾಕಾದಾಗ ಐತ್ರಿ."

ಅಲ್ಲಿ ನಮ್ಮ ದೇಶದ ಚಾಂಪಿಯನ್ ಕ್ಲಬ್ಬಿಗೂ ಆ ದೇಶದ ಚಾಂಪಿಯನ್ ಕ್ಲಬ್ಬಿಗೂ ಫೈನಲ್ ನಡೆದಿತ್ತು. ರೇಡಿಯೋದ ಹಿಂದಿ ಕೇಳಿ ಮುದುಕರು, "ಎಡಕ್ಕ ಬಂತು, ಹಿಂದಕ ಕೊಟ್ಟ" ಎಂದು ಹೇಳಿದಂತೆ ಬಯಲಿನವರು ಓಡುತ್ತಿದ್ದರು.

"ಬರೇ ಕೇಳಿದ್ರ ಕಣ್ಣಿಗೆ ಕಟ್ಟೂದಿಲ್ರಿ. ಹಿಂಗ ನಿಂತ್ರ ಕಾಣತೈತಿ."

ನಾವು ಒಂದು ಗೋಲು ಮುಂದಿದ್ದೆವು. ಇನ್ನೆರಡೇ ನಿಮಿಷ ಇರುವಾಗ ಸೆಲ್ ತೀರಿ ರೇಡಿಯೋ ನಿಂತಿತು. ಬಯಲಿನವರೂ ಓಡುತ್ತಿದ್ದಲ್ಲೇ ನಿಂತರು. ಒಬ್ಬ ಎತ್ತಿದ ಕಾಲನ್ನು ಇನ್ನೂ ಇಳಿಸಿರಲಿಲ್ಲ.

ಆಗ ನಮ್ಮ ಕಡೆಯ ಗೋಲ್‌ಕೀಪರ್ ಇದ್ದಕ್ಕಿದ್ದಂತೆ ಬಲಕ್ಕೆ ಹಾರಿ ಬಿದ್ದ. ಯಾರೂ ಏನೂ ಹೇಳಿರಲಿಲ್ಲ. ಮೆಲ್ಲಗೆ ಎದ್ದು, ಗೋಲಿಗೆಂದು ನೆಟ್ಟ ಎರಡು ಗಳಗಳ ಹಿಂದಕ್ಕೆ ಹೋಗಿ ಬಗ್ಗಿದ. ಎರಡೂ ಕೈಯಿಂದ ಏನನ್ನೋ ಎತ್ತಿಕೊಂಡು, ತಲೆ ತಗ್ಗಿಸಿ, ಬಯಲಿನ ನಟ್ಟನಡುವೆ ತಂದಿಟ್ಟ.

"ಸಮಾಸಮಾ ಆತು," ಎಂದರು ಮುದುಕರು, ಸತ್ತ ರೇಡಿಯೋ ಮಡಿಲಲ್ಲಿಟ್ಟುಕೊಂಡು.

ಪಂಕ್ಚರ್ ತೆಗೆದಾಗಿತ್ತೇನೋ, ಬಸ್ಸಿನ ಹಾರ್ನ್ ಕೇಳಿಸಿತು. ಬಂದ ಹಾಗೆ ಬಯಲಿನ ನಡುವೆಯೇ ಹೋದೆ. ಅವನು ತಂದಿಟ್ಟ ಜಾಗ ಬಂದಾಗ ಮಾತ್ರ, ಕಾಲಿಗೆ ತಾಗೀತೆಂದು ಸುತ್ತು ಹಾಕಿದೆ.