ತಿದ್ದುವ ಮೇಷ್ಟ್ರು ಹೊಡೆದುಹಾಕಿದ ಹೆಸರು

ಮೊನ್ನೆ ಸೈಕಲ್ ಚೈನು ಉಜ್ಜಲು ಚಿಂದಿಬಟ್ಟೆಗೆ ಸೀಮೆಎಣ್ಣೆ ಸುರಿದೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಬಂಗಾರಪೇಟೆಯ ಹಳೆಯ ಅಚ್ಚುಕೂಟ ಕಣ್ಣೆದುರು ನಿಂತಿತು. ಅಲ್ಲಿ ಅಚ್ಚಿನ ಮೊಳೆಗಳನ್ನು ತೊಳೆಯುತ್ತಿದ್ದದ್ದು ಸೀಮೆಎಣ್ಣೆಯಲ್ಲೇ. ಮೂಲೆಯ ಮೇಜಿನಲ್ಲಿ ನಮ್ಮ ವಾರಪತ್ರಿಕೆಯ ಲೇಖನಗಳನ್ನು ತಿದ್ದುವವರು ಕೂತಿರುತ್ತಿದ್ದರು. ಹಿಂದೆ ಸ್ಕೂಲಿನಲ್ಲಿ ಪಾಠ ಹೇಳಿದವರು. ನಮಗೆಲ್ಲ ಅವರು ತಿದ್ದುವ ಮೇಷ್ಟ್ರು.

ನನಗಾಗ ಇಪ್ಪತ್ತೆರಡು, ಕೋಪ ಮೂಗಿನ ತುದಿಯಲ್ಲೇ. ನಾನು ಹತ್ತು ಪುಟ ಬರೆದರೆ ಅವರು ಮೂರು ಉಳಿಸುತ್ತಿದ್ದರು. ಹೊಟ್ಟೆ ಉರಿಯುತ್ತಿತ್ತು. ಆ ಮೂರನ್ನು ಓದಿದರೆ ನಾನು ಹೇಳಬೇಕೆಂದಿದ್ದದ್ದು ಅಷ್ಟೇ ಅನ್ನಿಸುತ್ತಿತ್ತು, ಅದು ಇನ್ನೂ ಉರಿ. ಅವರದೊಂದು ಪದ್ಧತಿ... ತಿದ್ದಿ ಮುಗಿಸಿದ ಮೇಲೆ, ಯಾರ ವಿಷಯ ಬರೆದಿದೆಯೋ ಅವರ ಮನೆಗೇ ಹೋಗಿ ಓದಿ ಹೇಳಬೇಕು. ಆಮೇಲೇ ಅಚ್ಚು.

ಒಮ್ಮೆ ಕೆ.ಜಿ.ಎಫ್.ನ ಒಂದು ಗಣಿಯೊಳಗೆ ಬಂಡೆ ಸಿಡಿದು ಒಬ್ಬ ಕೂಲಿ ಸತ್ತ. ಗಣಿಯವರು ಅಂಥದ್ದೇನೂ ಆಗಿಯೇ ಇಲ್ಲ ಎಂದರು. ನಾನು ಅವನ ಹೆಸರು, ಊರು ಹಾಕಿ ಬರೆದೆ. ಮೇಷ್ಟ್ರು ನನ್ನ ಬೈಗುಳವನ್ನೆಲ್ಲ ತೆಗೆದು, ಹೆಸರನ್ನು ಮೊದಲ ಸಾಲಿಗೇ ತಂದರು. ಬೆಳಗಿನ ರೈಲಿಗೆ ಇಬ್ಬರೂ ಹೊರಟು, ಗಣಿಯವರು ಕೂಲಿಗಳಿಗೆ ಕೊಟ್ಟಿದ್ದ ಲೈನ್ ಮನೆಯಲ್ಲಿ ಅವನ ಹೆಂಡತಿಗೆ ಓದಿ ಹೇಳಿದೆವು.

ಆಕೆ ಪೂರ್ತಿ ಕೇಳಿದಳು. "ಚೆನ್ನಾಗದೆ ಸಾಮಿ. ನಮ್ಮ್ ಯಜಮಾನ್ರ ಎಸ್ರು ಮಾತ್ರ ಬ್ಯಾಡ. ನನ್ ಮೈದ್ನ ಅದೇ ಗಣೀಗೆ ಇಳೀತಾನೆ. ಅವನ್ನ ಕೆಲ್ಸದಿಂದ ತಗುದ್ರೆ ಈ ಮನೇನೂ ಓಯ್ತದೆ."

ಮೇಷ್ಟ್ರು ಅಲ್ಲೇ, ಆಕೆಯ ಎದುರಿಗೇ, ಹೆಸರು ಹೊಡೆದುಹಾಕಿದರು.

ವಾಪಸು ಬರುವಾಗ ನಾನು ಬಾಯಿಗೆ ಬಂದಂತೆ ಆಡಿದೆ. ಹೆಸರೇ ಇಲ್ಲದಿದ್ದರೆ ಸತ್ತವನೂ ಇಲ್ಲದಂತೆಯೇ, ನೀವು ಹೇಡಿ ಅಂದೆ. ರೈಲು ಕೋರಮಂಡಲ್ ಸ್ಟೇಷನ್ ದಾಟಿತು. ಮೇಷ್ಟ್ರು, "ಬರೆಯೋನು ನೀನು ಕಣಯ್ಯ, ಅನುಭವಿಸೋಳು ಆಕೆ," ಅಂದರು. ಅಷ್ಟೇ.

ಲೇಖನ ಹೆಸರಿಲ್ಲದೆ ಬಂತು. ಯಾರೂ ತಿರುಗಿ ನೋಡಲಿಲ್ಲ. ಆದರೂ ಎರಡೇ ತಿಂಗಳಿಗೆ ಮೈದುನನ ಕೆಲಸವೂ ಹೋಯಿತು, ಆ ಮನೆಗೆ ಬೇರೆಯವರು ಬಂದರು. ಆಕೆ ಎಲ್ಲಿ ಹೋದಳೋ... ವಿಷಯ ತಿಳಿದ ದಿನ ಮೇಷ್ಟ್ರು ಒಂದು ಹಾಳೆಯನ್ನೂ ಮುಟ್ಟದೆ ಕೂತಿದ್ದರು. ನಾನು ಹಟಕ್ಕೆ ಮಾತಾಡಿಸಲಿಲ್ಲ. ಆಮೇಲೂ ಮಾತಾಡಿಸಲಿಲ್ಲ. ಆ ವರ್ಷವೇ ಪ್ಲೇಗಿನಲ್ಲಿ ಹೋಗಿಬಿಟ್ಟರು. ಕೊನೆಗೊಮ್ಮೆ ಮುಖ ನೋಡಲಿಕ್ಕೂ ಹೋಗಲಿಲ್ಲ ನಾನು, ಪಾಪಿ.

ಈಗ ಅಚ್ಚುಕೂಟವಿಲ್ಲ, ಪತ್ರಿಕೆಯ ಒಂದು ಪ್ರತಿಯೂ ಉಳಿದಿಲ್ಲ. ಈ ಬರಹದಲ್ಲಾದರೂ ಆ ಸತ್ತವನ ಹೆಸರು ಹಾಕೋಣವೆಂದು ಮೂರು ದಿನದಿಂದ ಕೂತಿದ್ದೇನೆ. ಬೇಡವೆನ್ನಲು ಯಾರೂ ಇಲ್ಲ. ಆದರೆ ಹೆಸರು ನನಗೇ ನೆನಪಿಗೆ ಬರುತ್ತಿಲ್ಲ.