ಗಾಜಿನೊಳಗಿನ ದೀಪಕ ರಾಗ

ವೇಣೂರಿನಿಂದ ಮೂಡುಬಿದಿರೆಗೆ ಮೊದಲ ಬಸ್ಸು ಹಾರ್ನ್ ಹೊಡೆಯುವ ಹೊತ್ತಿಗೆ ವಿಮಲಾ ಜಗಲಿಯಲ್ಲಿ ಮಣೆಯ ಮುಂದೆ ಕೂತಾಗಿದೆ. ಮಣೆಯ ಮೇಲೆ ನೋಟ್‌ಬುಕ್ಕಿನ ಹಾಳೆಯಷ್ಟು ಅಗಲದ ಚಿತ್ರ. ಗಾಯಕ ಬಾಯಿ ತೆರೆದಿದ್ದಾನೆ, ಎದುರಿಗೆ ಕೇಳುವ ಹೆಂಗಸು, ನಡುವೆ ದೀಪ. ಹಾಡಿದರೆ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ ಎನ್ನುವ ದೀಪಕ ರಾಗ. ಬಾಕಿ ಉಳಿದಿರುವುದು ಜ್ವಾಲೆಯೊಂದೇ. ಅಲ್ಲಿಗೆ ಬಂದ ಕುಂಚ ಮುಂದೆ ಹೋಗುತ್ತಿಲ್ಲ.

ರಾಗದ ಭಾವವನ್ನು ಪುಟ್ಟ ಚಿತ್ರದಲ್ಲಿ ಹಿಡಿಯುವ ಈ ರಾಗಮಾಲಾ ಕಲೆಯನ್ನು ಅವರು ಕಲಿತದ್ದು ಜೈಪುರದಲ್ಲಿ. ಗಂಡ ಅಲ್ಲಿನ ಹಾಸ್ಟೆಲೊಂದರಲ್ಲಿ ಅಡುಗೆಯವರಾಗಿದ್ದರು. ಪಕ್ಕದ ಮನೆಯಲ್ಲಿ ಚಿತ್ರಕಾರರಿದ್ದರು. ಗುರುಗಳು ಅಳಿಲಿನ ಕೂದಲಿನ ಕುಂಚ ಕೊಟ್ಟಾಗ ಈ ಜೈನ ಹೆಂಗಸು ಕೈಮುಗಿದು ಹಿಂದಕ್ಕೆ ಕೊಟ್ಟುಬಿಟ್ಟರು. ಕೇದಗೆಯ ಬೇರನ್ನು ಜಜ್ಜಿ ತಮ್ಮದೇ ಕುಂಚ ಮಾಡಿಕೊಂಡರು. "ಎಲ್ಲರೂ ನಗಾಡಿದ್ರು. ಗೆರೆ ದಪ್ಪ ಬರ್ತದೆ ಅಂದ್ರು. ಎರಡು ವರ್ಷ ದಪ್ಪವೇ ಬಂತು, ಸುಳ್ಳು ಯಾಕೆ ಹೇಳ್ಬೇಕು?" ಎನ್ನುತ್ತಾರೆ ಅರವತ್ತೆರಡರ ವಿಮಲಾ. ಈಗ ಅದೇ ಬೇರಿನಲ್ಲಿ ಕಣ್ಣಿನ ರೆಪ್ಪೆ ಎಣಿಸುವಂತೆ ಬರೆಯುತ್ತಾರೆ.

ಬೆಳಗಿನ ಬೆಳಕಿನಲ್ಲಿ ದಿನಕ್ಕೆ ಮೂರು ಗಂಟೆ, ಒಂದು ಚಿತ್ರಕ್ಕೆ ಇಪ್ಪತ್ತೆರಡು ದಿನ. ಮೂವತ್ತಾರು ಚಿತ್ರಗಳಿಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಂಟ್ವಾಳದ ಸಂಗೀತ ಸಭೆಯೊಂದು ತನ್ನ ಹೊಸ ಸಭಾಂಗಣದ ಗೋಡೆಗೆ ಪೂರ್ತಿ ಮಾಲಿಕೆ ಕೇಳಿತ್ತು. ಮೂವತ್ತೈದು ಒಪ್ಪಿಗೆಯಾಗಿ ದೀಪಕ ಮಾತ್ರ ಮರಳಿ ಬಂತು. ವಿಮಲಾ ದೀಪದ ಸುತ್ತ ಗಾಜು ಬರೆದಿದ್ದರು! ಹುಳುಹುಪ್ಪಟೆ ಬಿದ್ದು ಸಾಯಬಾರದೆಂದು ಹುಟ್ಟಿದಂದಿನಿಂದ ಮನೆಯಲ್ಲಿ ಕಂಡದ್ದು ಮುಚ್ಚಿದ ದೀಪವನ್ನೇ. ಬರೆದದ್ದು ಅವರ ಗಮನಕ್ಕೇ ಬಂದಿರಲಿಲ್ಲ.

"ವಿಮಲಕ್ಕ, ಬೆಂಕಿಯ ರಾಗಕ್ಕೆ ಚಿಮಣಿ ಹಾಕಿದ್ರೆ ಹೇಗೆ ಮಾರಾಯ್ರೆ? ಮುಂದಿನ ವಾರದ ಶುಕ್ರವಾರದೊಳಗೆ ಸರಿಮಾಡಿ ಕೊಡಿ. ಒಂದು ಕಮ್ಮಿಯಾದ್ರೆ ಮಾಲಿಕೆ ಅಂತ ಹೇಳ್ಲಿಕ್ಕಾಗುವುದಿಲ್ಲ, ಎಲ್ಲವನ್ನೂ ವಾಪಸ್ ಕೊಡ್ಬೇಕಾಗ್ತದೆ," ಎಂದು ಸಭೆಯ ಲೋಕಯ್ಯ ಫೋನು ಮಾಡಿದ್ದರು. ಹಾಗಾಗಿ ಹತ್ತು ದಿನದಿಂದ ಹೊತ್ತು ಗೊತ್ತಿಲ್ಲದೆ ಕೂತು ಈ ಹೊಸ ಚಿತ್ರ ಬರೆದಿದ್ದಾರೆ. ಇವತ್ತು ಶುಕ್ರವಾರ.

ವಿಮಲಾ ಕುಂಚ ಅದ್ದಿ ಜ್ವಾಲೆ ಎಳೆಯುತ್ತಾರೆ. ಗಾಜಿಲ್ಲದ ಜ್ವಾಲೆ, ಚೆಂದವಾಗಿಯೇ ಬಂದಿದೆ. ಆದರೂ ಎದ್ದು ಕಪಾಟಿನಿಂದ ಗಾಜಿನ ದೀಪದ ಹಳೆಯ ಚಿತ್ರವನ್ನೇ ತೆಗೆದು ಬಟ್ಟೆಯಲ್ಲಿ ಸುತ್ತುತ್ತಾರೆ.

ಬಂಟ್ವಾಳಕ್ಕೆ ಹೊರಟು ನಿಂತಿರುವ ತಂಗಿಯ ಮಗಳು ತ್ರಿಶಾಳಿಗೆ ಗಾಬರಿ. "ದೊಡ್ಡಮ್ಮ, ಇದನ್ನೇ ಕೊಟ್ರೆ ಮೂವತ್ತಾರೂ ವಾಪಸ್ ಬರ್ತದೆ!"

"ಬರ್ಲಿ. ಇಡ್ಲಿಕ್ಕೆ ಮನೆಯಲ್ಲಿ ಜಾಗ ಉಂಟು," ಎನ್ನುತ್ತಾರೆ ವಿಮಲಾ. ಗಂಟನ್ನು ಹುಡುಗಿಯ ಕೈಗಿಟ್ಟು ಹೇಳುತ್ತಾರೆ: "ಲೋಕಯ್ಯನವರಿಗೆ ಹೇಳು. ದೀಪ ಹೊತ್ತಿಸುವುದು ಹಾಡುವವರ ಕೆಲಸ. ಅದಕ್ಕೆ ಹುಳ ಬೀಳದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ."